ಗಣಕಯಂತ್ರ ಕಲಿಯಲು ಇಂಗ್ಲಿಷ್ ಶಾಲೆಯೇ ಬೇಕೆ?



ಜೂನ್ ತಿಂಗಳು ಬಂತೆಂದರೆ ಜತ್ತ ತಾಲೂಕಿನ ಕನ್ನಡ ಶಾಲೆಯ ಶಿಕ್ಷಕರಾದ ನಾವು ಒಂದು ಮಾತನ್ನು ತಪ್ಪದೆ ಕೇಳಬೇಕಾಗುತ್ತದೆ. "ಸರ್, ಹುಡುಗನ ಎಲ್.ಸಿ. ಕೊಡ್ರಿ. ಇಂಗ್ಲಿಷ್ ಸಾಲಿಗೆ ಹಾಕ್ತೀವಿ. ಅಲ್ಲಿ ಕಂಪ್ಯೂಟರ್ ಚಲೋ ಕಲಸ್ತಾರ." ಹೀಗೆ ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಮಗು ಮುಂದೆ ಬರಲಿ ಎಂದು ಯಾವ ತಂದೆ-ತಾಯಿ ಬಯಸುವುದಿಲ್ಲ? ಆದರೆ ಗಣಕಯಂತ್ರಕ್ಕೂ ಇಂಗ್ಲಿಷ್ ಮಾಧ್ಯಮಕ್ಕೂ ಗಂಟು ಹಾಕಿದವರು ಯಾರು ಎಂಬುದನ್ನು ಸ್ವಲ್ಪ ವಿಚಾರ ಮಾಡಬೇಕಾಗಿದೆ. ಅದಕ್ಕಾಗಿ ಬೆಳುಂಕಿಯಲ್ಲಿ ನಮ್ಮ ಮಕ್ಕಳು ಮಾಡಿದ ಒಂದು ಕೆಲಸವನ್ನು ತಮ್ಮ ಮುಂದೆ ಇಡುತ್ತೇನೆ.

ಸುಗ್ಗಿಯ ದಿನಗಳಲ್ಲಿ ಅಂಗಳದಲ್ಲಿ ಜೋಳ ಹರವಿ, ಗುಬ್ಬಿ, ಕೋಳಿ ಬಾರದಂತೆ ಕಾಯಲು ಮಕ್ಕಳನ್ನು ಕೂಡ್ರಿಸುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಆರನೇ ಇಯತ್ತೆಯ ಒಬ್ಬ ಹುಡುಗಿ ನನ್ನ ಹಳೆಯ ಲ್ಯಾಪ್‌ಟಾಪಿನ ಕ್ಯಾಮೆರಾ ನೋಡಿ, "ಸರ್, ಇದು ಕಾಳು ಕಾಯ್ತದೇನ್ರಿ?" ಎಂದು ಕೇಳಿದಳು. ಬಿ.ಎಡ್. ಓದುವಾಗ ನನಗೆ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ನೋಡೋಣ ಎಂದೆ.

ಸ್ಕ್ರ್ಯಾಚ್ ಎಂಬ ಒಂದು ತಂತ್ರಾಂಶವಿದೆ. ಅಮೆರಿಕದ ಎಂ.ಐ.ಟಿ. ವಿದ್ಯಾಪೀಠದಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಮಕ್ಕಳಿಗಾಗಿಯೇ ಮಾಡಿ 2007ರಲ್ಲಿ ಎಲ್ಲರಿಗೂ ತೆರೆದಿಟ್ಟದ್ದು. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಇದರಲ್ಲಿ ಉದ್ದುದ್ದ ಆಜ್ಞೆಗಳನ್ನು ಟೈಪು ಮಾಡಬೇಕಿಲ್ಲ. ಬಣ್ಣಬಣ್ಣದ ತುಂಡುಗಳನ್ನು ಎಳೆದು ಒಂದರ ಕೆಳಗೆ ಒಂದು ಕೂಡಿಸಿದರೆ ಆಯಿತು, ಯಂತ್ರ ಅದರಂತೆ ನಡೆಯುತ್ತದೆ. 2013ರಲ್ಲಿ ಬಂದ ಎರಡನೆಯ ಆವೃತ್ತಿಯಿಂದ ಇದಕ್ಕೆ ಕ್ಯಾಮೆರಾದ ಚಿತ್ರವನ್ನು ಗಮನಿಸುವ ಶಕ್ತಿಯೂ ಬಂದಿದೆ. ಈಗಿನ ಮೂರನೆಯ ಆವೃತ್ತಿಯಲ್ಲಿ ಕೆಳಗೆ ಎಡಮೂಲೆಯ ಗುಂಡಿ ಒತ್ತಿ 'ವಿಡಿಯೋ ಸೆನ್ಸಿಂಗ್' ಎಂಬುದನ್ನು ಆರಿಸಿದರೆ ಸಾಕು. ತೆರೆಯ ಮೇಲಿನ ಬೆಕ್ಕಿನ ಹಿಂದೆ ಮಗುವಿನ ಮುಖವೇ ಮೂಡುತ್ತದೆ. ಅಂದು ತರಗತಿಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಕೋಣೆಯ ಶಿಕ್ಷಕರು ಓಡಿ ಬಂದರು!

ಯಂತ್ರ ಹೇಗೆ ನೋಡುತ್ತದೆ ಎಂದು ಮಕ್ಕಳಿಗೆ ತಿಳಿಸಲು ನಾನು ರಂಗೋಲಿಯ ಚುಕ್ಕಿ ಹಾಕಿದೆ. ಸ್ಕ್ರ್ಯಾಚಿನ ವೇದಿಕೆ ಅಡ್ಡಕ್ಕೆ 480, ಎತ್ತರಕ್ಕೆ 360 ಚುಕ್ಕಿಗಳದ್ದು. ಗುಣಿಸಿ ನೋಡಿ ಎಂದರೆ ಮಕ್ಕಳು ಪಾಟಿಯ ಮೇಲೆ 1,72,800 ಎಂದು ಬರೆದು ತೋರಿಸಿದರು. ಯಂತ್ರಕ್ಕೆ ಗುಬ್ಬಿಯೂ ಗೊತ್ತಿಲ್ಲ, ಜೋಳವೂ ಗೊತ್ತಿಲ್ಲ. ಈಗಿನ ಚಿತ್ರವನ್ನು ಸ್ವಲ್ಪ ಹಿಂದಿನ ಚಿತ್ರದೊಡನೆ ಹೋಲಿಸಿ, ಎಷ್ಟು ಅಲುಗಾಡಿತು ಎಂಬುದಕ್ಕೆ ಒಂದು ಅಂಕಿ ಕೊಡುತ್ತದೆ, ಅಷ್ಟೆ. ಆ ಅಂಕಿ ನಾವು ಹೇಳಿದ ಮಿತಿ ದಾಟಿದರೆ ಡೋಲು ಬಾರಿಸು ಎಂದು ಎರಡು ತುಂಡು ಕೂಡಿಸಿದೆವು. ಮೊದಲು ಮಿತಿ 10 ಇಟ್ಟದ್ದಕ್ಕೆ ಗಾಳಿಗೆ ಚೀಲ ಅಲುಗಿದರೂ ಡೋಲು! 80 ಇಟ್ಟರೆ ಕೋಳಿ ಬಂದು ಹೊಟ್ಟೆ ತುಂಬ ತಿಂದು ಹೋದರೂ ಸುಮ್ಮನೆ. ಎಷ್ಟು ಇಡಬೇಕೆಂದು ಮಕ್ಕಳು ತಾಸುಗಟ್ಟಲೆ ವಾದ ಮಾಡಿದರು. ಕಡೆಗೆ ಅದೇ ಹುಡುಗಿ, "ಇಡೀ ಅಂಗಳ ಯಾಕ ನೋಡಬೇಕ್ರಿ? ಕಾಳು ಇದ್ದಲ್ಲೇ ನೋಡಿದ್ರ ಸಾಕಲ್ಲ" ಎಂದಳು. ನಾವು ಆ ತುಂಡುಗಳನ್ನು ವೇದಿಕೆಗೆ ಹಾಕಿದ್ದೆವು; ಹಾಗೆ ಮಾಡಿದರೆ ಯಂತ್ರ ಇಡೀ ಚಿತ್ರವನ್ನು ನೋಡುತ್ತದೆ. ಬೆಕ್ಕಿಗೆ ಹಾಕಿದರೆ ಬೆಕ್ಕು ನಿಂತ ಜಾಗವನ್ನಷ್ಟೇ ನೋಡುತ್ತದೆ. ತುಂಡುಗಳನ್ನು ಬೆಕ್ಕಿಗೆ ಹಾಕಿ, ಬೆಕ್ಕನ್ನು ಎಳೆದು ಜೋಳದ ಮೇಲೆ ಕೂಡ್ರಿಸಿದೆವು. ಚೀಲದ ಕಾಟ ತಪ್ಪಿತು.

ಈ ವಾದವೆಲ್ಲ ನಡೆದದ್ದು ಕನ್ನಡದಲ್ಲಿ ಎಂಬುದನ್ನು ತಾವು ಗಮನಿಸಬೇಕು. 'ಮಿತಿ', 'ಅಲುಗಾಟ', 'ಹೋಲಿಸು' ಎಂಬ ಮಾತುಗಳು ಮಗುವಿನ ಬಾಯಲ್ಲಿ ಮೊದಲೇ ಇದ್ದವು, ಆದ್ದರಿಂದ ವಿಚಾರ ಓಡಿತು. ನಮ್ಮ ಯಂತ್ರದಲ್ಲಿ ತುಂಡುಗಳ ಮೇಲಿನ ಬರಹ ಇಂಗ್ಲಿಷಿನಲ್ಲಿತ್ತು, ನಿಜ. ಅವುಗಳ ಅರ್ಥ ಬರೆದು ಗೋಡೆಗೆ ಒಂದು ತಕ್ತೆ ತೂಗುಹಾಕಿದೆವು. ಒಂದು ವಾರದ ಮೇಲೆ ಯಾರೂ ಅದರತ್ತ ನೋಡಲಿಲ್ಲ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ನಾವೇ ಹೊಸದಾಗಿ ಮಾಡುವ ತುಂಡುಗಳಿಗೂ ಅಂಕಿ ಇಡುವ ಡಬ್ಬಿಗಳಿಗೂ ಕನ್ನಡ ಅಕ್ಷರಗಳಲ್ಲೇ ಹೆಸರು ಕೊಡಬಹುದು. ನಮ್ಮ ಮಕ್ಕಳ ತುಂಡಿನ ಹೆಸರು 'ಗುಬ್ಬಿ ಓಡಿಸು'. ಯಂತ್ರ ಯಾವ ತಕರಾರೂ ಮಾಡಲಿಲ್ಲ. ಒಬ್ಬ ಹುಡುಗ ಪಾಟಿಯ ಮೇಲೆ ತನ್ನ ಹೆಸರು ಬರೆದು ಹಿಡಿದಾಗ ಮಾತ್ರ ಅಕ್ಷರ ಕನ್ನಡಿಯೊಳಗಿನಂತೆ ತಿರುವಾಗಿ ಕಂಡು ಅಳುಮೋರೆ ಮಾಡಿದ. ಚಿತ್ರವನ್ನು ತಿರುಗಿಸುವ ಆಯ್ಕೆಯೂ ವಿಡಿಯೋದ ತುಂಡಿನಲ್ಲೇ ಇದೆ. ಅದನ್ನು ಆರಿಸಿದರೆ ನೆಟ್ಟಗಾಗುತ್ತದೆ.

ಹೆಣ್ಣುಮಕ್ಕಳ ಮುಖ ಕ್ಯಾಮೆರಾದಲ್ಲಿ ಬರುವುದು ಸರಿಯೇ ಎಂದು ಒಬ್ಬ ತಾಯಿ ಕೇಳಿದರು. ಕೇಳಬೇಕಾದದ್ದೇ. ಈ ಹೋಲಿಕೆಯ ಕೆಲಸ ಯಂತ್ರದೊಳಗೇ ನಡೆಯುತ್ತದೆ. ಮಾಡಿದ ಕೆಲಸವನ್ನು ಉಳಿಸಿಟ್ಟರೂ ಅದರಲ್ಲಿ ಕ್ಯಾಮೆರಾದ ಚಿತ್ರ ಉಳಿಯುವುದಿಲ್ಲ. ಆದರೂ ನಾನು ಇಂಟರ್‌ನೆಟ್ ತೆಗೆದೇ ಪಾಠ ಮಾಡುತ್ತೇನೆ, ಮುಗಿದ ಮೇಲೆ ಕ್ಯಾಮೆರಾದ ಕಣ್ಣಿಗೆ ಕಾಗದ ಅಂಟಿಸುತ್ತೇನೆ. ಮನೆಯಲ್ಲಿಯೂ ಈ ರೂಢಿ ಒಳ್ಳೆಯದು.

ಇನ್ನು ನನ್ನ ದೂರು. ಕೆಲವು ವರ್ಷಗಳ ಹಿಂದೆ ನಾನು ಹೋದ ಒಂದು ಗಣಕ ತರಬೇತಿಯಲ್ಲಿ ಭಾಷಣವೂ ಕೈಪಿಡಿಯೂ ಮರಾಠಿಯಲ್ಲೇ ಇದ್ದವು. ಮರಾಠಿ ನಮಗೆ ಪರಕೀಯವಲ್ಲ, ಸಂತೆಯಲ್ಲಿ, ಕಚೇರಿಯಲ್ಲಿ ಅದೇ ಮಾತು. ಆದರೆ ಮರಳಿ ಬಂದು ಕನ್ನಡದ ಮಕ್ಕಳ ಮುಂದೆ ನಿಂತಾಗ ಪ್ರತಿಯೊಂದು ಶಬ್ದವನ್ನೂ ನಾನೇ ಹುಡುಕಬೇಕಾಯಿತು. ಸಂವಿಧಾನದ 350ಎ ಅನುಚ್ಛೇದ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಕೊಡಬೇಕೆನ್ನುತ್ತದೆ. ಅದು ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ. ಆಗ ಸೌಲಭ್ಯವೆಂದರೆ ಶಿಕ್ಷಕ, ಪುಸ್ತಕ, ನಾಲ್ಕು ಗೋಡೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಪೂರ್ವ ಹಂತದಲ್ಲೇ ಕೋಡಿಂಗ್ ಇರಬೇಕೆಂದು ಹೇಳಿದ ಮೇಲೆ, ಆ ಸೌಲಭ್ಯದ ಪಟ್ಟಿಯಲ್ಲಿ ಕನ್ನಡದ ಗಣಕ ಕೈಪಿಡಿಯೂ ಸೇರಬೇಕೆಂಬುದು ನನ್ನ ವಾದ.

ಇದು ಆಗದ ಮಾತೇನಲ್ಲ. ಕಾಸರಗೋಡಿನ ಕನ್ನಡಿಗರೂ ನಮ್ಮಂತೆಯೇ ಗಡಿಯಾಚೆ ಉಳಿದವರು. ಕೇರಳದ ಐ.ಸಿ.ಟಿ. ಪಠ್ಯಪುಸ್ತಕಗಳು ಮಲಯಾಳಂ, ಇಂಗ್ಲಿಷ್, ತಮಿಳಿನ ಜೊತೆ ಕನ್ನಡದಲ್ಲಿಯೂ ಬರುತ್ತವೆ. 2024ರಲ್ಲಿ ಬಂದ ಏಳನೆಯ ತರಗತಿಯ ಪುಸ್ತಕದಲ್ಲಂತೂ, ಕ್ಯಾಮೆರಾದಲ್ಲಿ ಕಾಣುವ ಮುಖದ ಭಾವವನ್ನು ಗುರುತಿಸುವ ಪ್ರೋಗ್ರಾಂ ಮಕ್ಕಳೇ ಮಾಡುವ ಪಾಠವಿದೆ. ಬಾಲಭಾರತಿಯು ನಮಗೆ ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ಅಚ್ಚು ಮಾಡಿ ಕೊಡುತ್ತಿರುವಾಗ, ಐವತ್ತು ಪುಟಗಳ ಒಂದು ಕೈಪಿಡಿ ಭಾರವೇನೂ ಆಗದು.

ಕೇಳುವವರು ಯಾರು? ತಾವೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಮುಂದಿನ ಸಭೆಗೆ ಬರೀ ಸಹಿ ಮಾಡಲು ಹೋಗಬೇಡಿ. ಶಾಲೆಯಲ್ಲಿ ಗಣಕಯಂತ್ರ ಎಷ್ಟಿವೆ, ಅವು ಮಕ್ಕಳ ಮುಂದಿವೆಯೋ ಕಪಾಟಿನಲ್ಲಿವೆಯೋ, ಬೀಗದ ಕೀಲಿ ಯಾರ ಹತ್ತಿರ ಎಂದು ಕೇಳಿರಿ. ಕನ್ನಡ ಕೈಪಿಡಿ ಬೇಕೆಂದು ಠರಾವು ಬರೆಯಿಸಿ, ನಕಲು ಪಡೆಯಿರಿ. ಇದರಿಂದ ನನ್ನಂಥ ಶಿಕ್ಷಕರಿಗೆ ಸ್ವಲ್ಪ ತೊಂದರೆಯಾದೀತು, ಆಗಲಿ.

ಬೆಳುಂಕಿಗೆ ಬರುವವರು ಶನಿವಾರ ಮುಂಜಾನೆಯ ಶಾಲೆ ಬಿಡುವ ಹೊತ್ತಿಗೆ ಬನ್ನಿರಿ. ತುಂಡು ಕೂಡಿಸುವುದನ್ನು ಮಕ್ಕಳೇ ತಮಗೆ ಕಲಿಸುತ್ತಾರೆ. ಮೋಡ ಬಂದು ನೆರಳು ಸರಿದರೆ ಈಗಲೂ ಡೋಲು ಬಾರಿಸುತ್ತದೆ. ಅದಕ್ಕೇನು ಮಾಡಬೇಕೆಂದು ಇನ್ನೂ ವಾದ ನಡೆದಿದೆ.