ಮಲಗುವ ಮುನ್ನ ಒಂದಿಷ್ಟು ನಗು

ಮೃಗಾಲಯದ ಕಾವಲುಗಾರನೊಬ್ಬ ರಾತ್ರಿ ಟಾರ್ಚ್ ಹಿಡಿದು ಕೊನೆಯ ಸುತ್ತು ಹೊರಟಿದ್ದಾನೆ. ಒಂದೊಂದು ಪ್ರಾಣಿಗೂ ಶುಭರಾತ್ರಿ ಹೇಳಿ ಮನೆಗೆ ಹೋಗುವುದು ಅವನ ವಾಡಿಕೆ. ಗೊರಿಲ್ಲಕ್ಕೆ ಹೇಳಿ ಮುಂದೆ ಹೋಗುವಷ್ಟರಲ್ಲಿ ಅದು ಅವನ ಸೊಂಟದ ಬೀಗದಕೈ ಗೊಂಚಲನ್ನು ಎಗರಿಸಿರುತ್ತದೆ! ಅವನು ಆನೆ, ಸಿಂಹ, ಕತ್ತೆಕಿರುಬ, ಜಿರಾಫೆ ಎಂದು ಒಂದೊಂದನ್ನೇ ಮಾತಾಡಿಸುತ್ತ ನಡೆದರೆ, ಗೊರಿಲ್ಲ ಬೆನ್ನ ಹಿಂದೆಯೇ ಒಂದೊಂದೇ ಬೋನಿನ ಬೀಗ ತೆಗೆಯುತ್ತ ಬರುತ್ತದೆ. ಕೊನೆಗೆ ಎಲ್ಲ ಪ್ರಾಣಿಗಳೂ ಸಾಲುಗಟ್ಟಿ ಅವನ ಮಲಗುವ ಕೋಣೆಗೇ ಬಂದು ಸೇರುತ್ತವೆ. ದೀಪ ಆರುತ್ತದೆ. ಹೆಂಡತಿ ಗಂಡನಿಗೆ ಶುಭರಾತ್ರಿ ಎನ್ನುತ್ತಾಳೆ. ಕತ್ತಲೆಯಲ್ಲಿ ಉತ್ತರ ಬರುತ್ತದೆ, ಆದರೆ ಹಲವು ಮೂಲೆಗಳಿಂದ! ಮುಂದೆ ಕಪ್ಪು ಪುಟದಲ್ಲಿ ಅಗಲಕ್ಕೆ ತೆರೆದ ಅವಳ ಎರಡು ಕಣ್ಣು ಮಾತ್ರ.

ಅಮೆರಿಕದ ಪೆಗಿ ರಾತ್‌ಮನ್ ಬರೆದು ಚಿತ್ರಿಸಿದ, 1994ರಲ್ಲಿ ಪ್ರಕಟವಾದ 'ಗುಡ್ ನೈಟ್, ಗೊರಿಲ್ಲ' ಎಂಬ ಪುಸ್ತಕವಿದು. ಇದರಲ್ಲಿರುವ ಮಾತು ಹೆಚ್ಚುಕಡಿಮೆ ಶುಭರಾತ್ರಿ ಎಂಬುದೊಂದೇ. ಬೀಗದಕೈ ಕಳುವಾದದ್ದನ್ನು ಅಕ್ಷರಗಳು ಎಲ್ಲಿಯೂ ಹೇಳುವುದಿಲ್ಲ. ಬರೀ ಅಕ್ಷರ ಓದುವ ದೊಡ್ಡವರು ಅರ್ಧ ನಿಮಿಷದಲ್ಲಿ ಪುಸ್ತಕ ಮುಗಿಸಿ, 'ಇದರಲ್ಲೇನಿದೆ?' ಎಂದು ಕೇಳಿಯಾರು. ಇನ್ನೂ ಅಕ್ಷರ ಕಲಿಯದ ಮೂರು ವರ್ಷದ ಮಗುವಿಗೆ ಮಾತ್ರ ಎಲ್ಲವೂ ಕಾಣುತ್ತಿರುತ್ತದೆ. ಒಂದೊಂದು ಬೀಗದಕೈಗೂ ಅದರ ಬೋನಿನದೇ ಬಣ್ಣ. ಮೊದಲಲ್ಲಿ ಹಾರಿಹೋದ ಬಲೂನು ಪುಟ ತಿರುವಿದಂತೆ ಮೇಲೇರಿ ಚಿಕ್ಕದಾಗುತ್ತದೆ. ಇದನ್ನೆಲ್ಲ ಅಪ್ಪನಿಗೆ ತೋರಿಸಿಕೊಡುವುದು ಮಗು. ಅಂದರೆ ಆ ಹೊತ್ತಿಗೆ ಮನೆಯಲ್ಲಿ ಅದೇ ಮೇಷ್ಟ್ರು!

ಈ ಚಮತ್ಕಾರ ಹೊಸದೇನಲ್ಲ. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ 1968ರಲ್ಲೇ 'ರೋಸೀಸ್ ವಾಕ್' ಎಂಬ ಪುಸ್ತಕ ಮಾಡಿದರು. ಇಡೀ ಪುಸ್ತಕ ಒಂದೇ ವಾಕ್ಯ, 32 ಪದ. ಕೋಳಿಯೊಂದು ತಿರುಗಾಡಲು ಹೋಗಿ ಬಂತು ಎಂಬುದಷ್ಟೇ ಅದರಲ್ಲಿದೆ. ಚಿತ್ರದಲ್ಲಿ ಮಾತ್ರ ನರಿಯೊಂದು ಹಿಂಬಾಲಿಸಿ, ಪ್ರತಿ ಸಲವೂ ಎಡವಿ, ಕೊಳಕ್ಕೆ ಬಿದ್ದು, ಹಿಟ್ಟು ಮೈಮೇಲೆ ಸುರಿಸಿಕೊಂಡು ಪಡಬಾರದ ಪಾಡು ಪಡುತ್ತದೆ. ಕೋಳಿಗೆ ಇದಾವುದರ ಸುಳಿವೂ ಇಲ್ಲ. ಕೋಳಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಎಂಬುದೇ ಮಗುವಿನ ನಗುವಿಗೆ ಕಾರಣ.

ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ದಾಸವಾಳದ ಹೂವನ್ನು ಕೈಗೆ ಕೊಟ್ಟು ಚಿತ್ರ ಬರೆಯಿರಿ ಎಂದರೆ, ಹೂವನ್ನು ಬೆಂಚಿನ ಮೇಲಿಟ್ಟು ಪಠ್ಯಪುಸ್ತಕ ತೆರೆಯುತ್ತಾರೆ. ಮೂರನೆಯ ವಯಸ್ಸಿನಲ್ಲಿ ಬಲೂನನ್ನು ಹಿಂಬಾಲಿಸುತ್ತಿದ್ದ ಕಣ್ಣು ಎಲ್ಲಿ ಹೋಯಿತು? ನನಗನ್ನಿಸುವಂತೆ, ಹಾಸಿಗೆಯಲ್ಲೂ ನಾವು ಪರೀಕ್ಷೆ ಶುರು ಮಾಡುವುದು ಇದಕ್ಕೊಂದು ಕಾರಣ. 'ಇದು ಯಾವ ಬಣ್ಣ? ಎಲಿಫೆಂಟ್ ಸ್ಪೆಲ್ಲಿಂಗ್ ಹೇಳು. ಈ ಕಥೆಯ ನೀತಿ ಏನು?' ಬೀಗದಕೈ ಕದ್ದ ಗೊರಿಲ್ಲದಿಂದ ಯಾವ ನೀತಿ ಹೇಳಿಸುತ್ತೀರಿ, ಸ್ವಾಮಿ!

'ನಮಗೆ ಇಂಗ್ಲಿಷ್ ಅಷ್ಟಾಗಿ ಬಾರದು' ಎಂದು ಹಿಂಜರಿಯುವ ತಾಯಂದಿರೂ ಇದ್ದಾರೆ. ಇಂಥ ಪುಸ್ತಕಕ್ಕೆ ಇಂಗ್ಲಿಷೇ ಬೇಕಿಲ್ಲ. ಚಿತ್ರ ನೋಡುತ್ತ ನಿಮ್ಮ ಮನೆಮಾತಿನಲ್ಲೇ ಹೇಳಿ. ಕನ್ನಡದಲ್ಲೂ ಪುಸ್ತಕಗಳಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. 'ನೋನಿ' ಎಂಬ ಹೆಸರಿನಲ್ಲಿ ರೋಹಿಣಿ ನಿಲೇಕಣಿ ಬರೆದ ಶೃಂಗೇರಿ ಶ್ರೀನಿವಾಸನ ಕಥೆಯನ್ನು ಹುಡುಕಿ. ಅವನದು ಮಾರುದ್ದದ ಕೂದಲು. ವರ್ಷಕ್ಕೊಮ್ಮೆ ಬರುವ ಕ್ಷೌರದ ದಿನ ಯಾರನ್ನು ಕೇಳಿದರೂ ಪುರುಸೊತ್ತಿಲ್ಲ. ಕೊನೆಗೇನಾಯಿತು ಎಂಬುದನ್ನು ಹೇಳಿ ಸ್ವಾರಸ್ಯ ಕೆಡಿಸುವುದಿಲ್ಲ.

'ದಿನಾ ಅದೇ ಪುಸ್ತಕ ಬೇಕೆನ್ನುತ್ತಾನೆ, ನಮಗೆ ಸಾಕಾಗಿದೆ' ಎಂಬ ದೂರೂ ಉಂಟು. ಸಾಕಾಗುವುದು ನಮಗೆ, ಮಗುವಿಗಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮೂರು ವರ್ಷದ ಕೆಲವು ಮಕ್ಕಳಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿದರು. ಉಳಿದವರಿಗೆ ಬೇರೆ ಬೇರೆ ಕಥೆಗಳು. ಹೊಸ ಪದಗಳು ಎರಡೂ ಕಡೆ ಅಷ್ಟೇ ಸಲ ಬಂದಿದ್ದವು. ಅವುಗಳನ್ನು ಚೆನ್ನಾಗಿ ಕಲಿತವರು ಒಂದೇ ಕಥೆ ಕೇಳಿದ ಮಕ್ಕಳು. ಆದ್ದರಿಂದ ನಾಳೆಯೂ ಗೊರಿಲ್ಲವೇ ಬೇಕೆಂದರೆ ಗೊಣಗದೆ ಓದಿ.

ನಕ್ಕು ನಕ್ಕು ನಿದ್ದೆಯೇ ಹಾರಿಹೋದರೆ? ನ್ಯಾಯವಾದ ಪ್ರಶ್ನೆ. ಪ್ಯಾಟ್ ಹಚಿನ್ಸ್ ಅವರದೇ ಇನ್ನೊಂದು ಪುಸ್ತಕವಿದೆ, 1972ರ 'ಗುಡ್‌ನೈಟ್, ಔಲ್!' ಹಗಲಲ್ಲಿ ಮಲಗಲು ಹೊರಟ ಗೂಬೆಗೆ ಜೇನುಹುಳು, ಅಳಿಲು, ಕಾಗೆ, ಮರಕುಟಿಗ ಎಲ್ಲವೂ ಗದ್ದಲ ಮಾಡಿ ಕಾಡುತ್ತವೆ. (ಗೂಬೆ ಸೋಮಾರಿಯಲ್ಲ, ಬಹುತೇಕ ಗೂಬೆಗಳಿಗೆ ರಾತ್ರಿಯೇ ದುಡಿಮೆಯ ಹೊತ್ತು.) ಕತ್ತಲಾಗಿ ಉಳಿದವೆಲ್ಲ ನಿದ್ದೆಹೋದಾಗ ಗೂಬೆ ಚೀರಿ ಎಲ್ಲರನ್ನೂ ಎಬ್ಬಿಸುತ್ತದೆ! ಮಕ್ಕಳು ಈ ಚೀರಾಟವನ್ನು ಮಾಡಿಯೇ ತೀರುತ್ತಾರೆ. ಪಕ್ಕದ ಮನೆಯವರಿಗೂ ಕೇಳಿಸುತ್ತದೆ. ಗೊರಿಲ್ಲದ ಕಥೆ ಹಾಗಲ್ಲ. ಅವಳು ಪ್ರಾಣಿಗಳನ್ನು ಮೃಗಾಲಯಕ್ಕೆ ಬಿಟ್ಟು ಬಂದರೂ ಗೊರಿಲ್ಲವೂ ಅದರ ಜೊತೆಗಾರ ಇಲಿಯೂ ಸದ್ದಿಲ್ಲದೆ ಹಿಂತಿರುಗಿ, ಗಂಡ ಹೆಂಡಿರ ನಡುವೆ ಮಲಗಿಬಿಡುತ್ತವೆ. ಹಾಗಾಗಿ ಗೂಬೆಯ ಪುಸ್ತಕವನ್ನು ಊಟಕ್ಕೆ ಮುಂಚೆ ಓದಿ ಮುಗಿಸಿ. ದೀಪ ಆರಿಸುವ ಹೊತ್ತಿಗೆ ಗೊರಿಲ್ಲ ಇರಲಿ.