ಬೋರ್ಡ್ ಹೋಗಿದೆ ಅನ್ನೋರಿಗೆ

ಕಂಪ್ಯೂಟರ್ ಆನ್ ಆಗಲಿಲ್ಲ ಅಂದ್ರೆ ನಮ್ಮ ಕಡೆ ಇರೋದು ಒಂದೇ ರೋಗ: "ಬೋರ್ಡ್ ಹೋಗಿದೆ". ಔಷಧಿಯೂ ಒಂದೇ, ಹೊಸದು ತಗೊಳ್ಳಿ.

ಹೋದ ಸಲ ಊರಿಗೆ ಹೋದಾಗ ನಾನು ಓದಿದ ಹೈಸ್ಕೂಲಿನ ಮೇಷ್ಟ್ರು ಸಿಕ್ಕಿದ್ರು. "ಆರು ಕಂಪ್ಯೂಟರ್ ಗುಜರಿಗೆ ಹಾಕ್ಬೇಕಂತೆ ಕಣಯ್ಯಾ, ನೀನೊಂದ್ಸಲ ನೋಡು" ಅಂದ್ರು. ಎಲ್ಲಾ ಕೋರ್ 2 ಡ್ಯೂಯೊ ಕಾಲದವು. ರಿಪೇರಿಗೆ ಬಂದವನು ಟಿಪಿಎಂ 2.0 ತಪಾಸಣೆಯನ್ನು ಹೇಗೋ ತಪ್ಪಿಸಿ, ವಿಂಡೋಸ್ 11ರ ಹೊಸ ಆವೃತ್ತಿಯನ್ನೇ ತುರುಕಿದ್ದ. ಲೋಗೋ ಬರುತ್ತೆ, ರೀಸ್ಟಾರ್ಟ್ ಆಗುತ್ತೆ, ಮತ್ತೆ ಲೋಗೋ. 24ಎಚ್2 ಆವೃತ್ತಿಯಿಂದ ಈಚೆಗೆ ಪ್ರೊಸೆಸರ್‌ನಲ್ಲಿ ಪಾಪ್‌ಕೌಂಟ್ ಅನ್ನೋ ಇನ್‌ಸ್ಟ್ರಕ್ಷನ್ ಇರಲೇಬೇಕು. ಕೋರ್ 2 ಡ್ಯೂಯೊದಲ್ಲಿ ಅದು ಹುಟ್ಟಿನಿಂದಲೇ ಇಲ್ಲ, ಯಾವ ಸೆಟ್ಟಿಂಗ್ ಬದಲಿಸಿದರೂ ಬರೋದಿಲ್ಲ. ಎತ್ತಿಗೆ ಡೀಸೆಲ್ ಕುಡಿಸಿ, ಎತ್ತೇ ಸರಿಯಿಲ್ಲ ಅಂದ ಹಾಗಾಯ್ತು.

ನಾನೇನು ಮಹಾ ಜಾಣನಲ್ಲ. ಬಿಇ ಮಾಡಿ ಇಷ್ಟು ವರ್ಷ ಕೋಡ್ ಬರೆದವನು, ಲಿನಕ್ಸ್ ಪೆನ್‌ಡ್ರೈವ್ ಹಿಡ್ಕೊಂಡು ಅರ್ಧ ದಿನ ಒದ್ದಾಡಿದೆ. ಅದನ್ನ ಯುಇಎಫ್‌ಐಗೆ ಮಾತ್ರ ಆಗೋ ಹಾಗೆ ತಯಾರು ಮಾಡಿದ್ದೆ. ಹಳೇ ಬಯೋಸ್‌ಗೆ ಅದು ಕಾಣಿಸ್ತಲೇ ಇರಲಿಲ್ಲ. ಎಂಬಿಆರ್ ಆರಿಸಿ ಮತ್ತೆ ಮಾಡಿದೆ, ಬೂಟ್ ಆಯ್ತು. ಆಗಿ ಪರದೆ ಕಪ್ಪು! ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೆಗೆ ನೋಮೋಡ್‌ಸೆಟ್ ಸೇರಿಸಿದ ಮೇಲೆ ಚಿತ್ರ ಬಂತು. ಒಂದರಲ್ಲಿ ತಾರೀಕು 2009ಕ್ಕೆ ಹೋಗಿ ಕೂತಿತ್ತು. ವೆಬ್‌ಸೈಟ್‌ಗಳೆಲ್ಲ ಸರ್ಟಿಫಿಕೇಟ್ ಸರಿಯಿಲ್ಲ ಅಂತಿದ್ದವು, ಕರೆಂಟ್ ತೆಗೆದಾಗಲೆಲ್ಲ ಬಯೋಸ್ ಸೆಟ್ಟಿಂಗ್ ಅಳಿಸಿಹೋಗ್ತಿತ್ತು. ಬೇಕಿದ್ದದ್ದು ನಾಣ್ಯದಂಥ ಒಂದು ಸಿಆರ್2032 ಸೆಲ್ಲು, ಅಷ್ಟೇ.

ಆ ರಿಪೇರಿ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಸಿಟ್ಟು ಇರೋದು ನಮ್ಮಂಥ ಇಂಜಿನಿಯರುಗಳ ಮೇಲೆ. ಕಂಪನಿ ಕೊಟ್ಟ ಹೊಸ ಲ್ಯಾಪ್‌ಟಾಪಿನಲ್ಲಿ ಓಡಿತು ಅಂದ್ರೆ ಮುಗೀತು ನಮಗೆ. ಅದು ಓಡದ ಯಂತ್ರಕ್ಕೆ ಕಾರಣ ಏನು ಅಂತ ಪರದೆ ಮೇಲೆ ಒಂದು ಸಾಲು ಬರೆಯೋಕೂ ಸೋಮಾರಿತನ. ಲೋಗೋ ತೋರಿಸಿ ಸತ್ತುಹೋಗೋ ಬದಲು "ಈ ಪ್ರೊಸೆಸರ್ ಆಗಲ್ಲ" ಅಂತ ಹೇಳೋಕೆ ಎಷ್ಟು ಕೋಡ್ ಬೇಕ್ರೀ?

ಸೆಕ್ಯುರಿಟಿ ಅಂತೀರಿ. ಒಪ್ತೀನಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿದೆ, ಅಪ್‌ಡೇಟ್ ಇಲ್ಲದ್ದನ್ನ ನೆಟ್‌ಗೆ ಹಾಕಬಾರದು. ಅದಕ್ಕೇ ತಾನೇ ಅಪ್‌ಡೇಟ್ ಬರೋ ಹಗುರವಾದ ಲಿನಕ್ಸ್ ಹಾಕಿದ್ದು? "ಸಪೋರ್ಟ್ ಇಲ್ಲ" ಅನ್ನೋದನ್ನ "ಕೆಟ್ಟಿದೆ" ಅಂತ ಓದೋದು ಅಂಗಡಿಯವನಿಗೆ ಲಾಭ. ಮಕ್ಕಳಿಗೆ?

ಅಂದಹಾಗೆ, ಆರನೇದರ ಕೆಪಾಸಿಟರ್‌ಗಳು ಉಬ್ಬಿದ್ದವು. ಅದರ ಬೋರ್ಡ್ ನಿಜವಾಗಲೂ ಹೋಗಿತ್ತು. ಸ್ಟಾಕ್ ಪುಸ್ತಕದಲ್ಲಿ ಮೇಷ್ಟ್ರು ಅದೊಂದನ್ನೇ ಹೊಡೆದುಹಾಕಿದ್ದಾರೆ.