ಭಾನುವಾರದ ಕನ್ನಡ ಪಾಠ

ಈ ಸ್ಮರಣ ಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ ಮೊದಲಾದವುಗಳನ್ನು ಕುರಿತು ವೈದ್ಯ ಮಿತ್ರರು ಬರೆಯುತ್ತಾರೆ. ವಾಣಿಜ್ಯ ಪದವೀಧರನೂ ಬ್ಯಾಂಕಿನ ಅಧಿಕಾರಿಯೂ ಆದ ನಾನು ಆ ವಿಷಯಗಳಲ್ಲಿ ಬಾಯಿ ಹಾಕುವುದು ಉಚಿತವಲ್ಲ. ಆದರೆ ಕೆಲವು ವರ್ಷಗಳಿಂದ ಪುಣೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಕನ್ನಡ ಬಾರದವರಿಗೆ ಕನ್ನಡ ಕಲಿಸುತ್ತಿರುವುದರಿಂದ, ನಗುವಿನ ವಿಷಯದಲ್ಲಿ ಎರಡು ಮಾತು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೇನೆ.

ಮೊದಲು ನನ್ನದೇ ಫಜೀತಿಯನ್ನು ಹೇಳಿಬಿಡುತ್ತೇನೆ. ವರ್ಗವಾಗಿ ಈ ಊರಿಗೆ ಬಂದ ಹೊಸತು. ಮೇಲಧಿಕಾರಿಗಳನ್ನು ಕಾಣಲು ಹೋದಾಗ ಬಾಗಿಲಲ್ಲಿದ್ದ ಜವಾನನು ಗಂಭೀರವಾಗಿ "ಸಾಹೇಬ ನಾಯ್" ಎಂದನು. ನಾನು ಬೆಚ್ಚಿಬಿದ್ದೆ. ಮರಾಠಿಯ 'ನಾಹೀ' ಎಂಬುದು ಆಡುಮಾತಿನಲ್ಲಿ 'ನಾಯ್' ಆಗುತ್ತದೆಂದೂ, ಸಾಹೇಬರು ಒಳಗಿಲ್ಲವೆಂದಷ್ಟೇ ಅವನು ಹೇಳಿದನೆಂದೂ ತಿಳಿಯಲು ಎರಡು ದಿನ ಹಿಡಿಯಿತು. ಆ ಎರಡು ದಿನ ಅವನ ಧೈರ್ಯವನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ.

ಇನ್ನು ತರಗತಿಯ ವಿಷಯ. ನಮ್ಮ ವಿದ್ಯಾರ್ಥಿಗಳಲ್ಲಿ ನಿವೃತ್ತ ಶಿಕ್ಷಕಿಯಾದ ಮರಾಠಿ ಮಹಿಳೆಯೊಬ್ಬರಿದ್ದಾರೆ; ಕನ್ನಡದ ಸೊಸೆಯನ್ನು ತಂದುಕೊಂಡವರು. ಮರಾಠಿಯಲ್ಲಿ ಜಡವಸ್ತುಗಳಿಗೂ ಲಿಂಗವುಂಟು. ಖುರ್ಚಿ ಹೆಣ್ಣು, ಪಂಖಾ ಗಂಡು, ಪುಸ್ತಕ ನಪುಂಸಕ. ಒಂದು ದಿನ ಅವರು ಎದ್ದು ನಿಂತು, "ಗುರುಗಳೇ, ಕುರ್ಚಿ ಬಿದ್ದಳು, ಪಂಖಾ ನಿಂತನು" ಎಂದರು. ಯಾವುದೋ ನಾಟಕದ ಕೊನೆಯ ಅಂಕದಂತಿತ್ತು! ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ, ಕುರ್ಚಿಯೂ ಪಂಖವೂ 'ಅದು' ಮಾತ್ರ ಎಂದು ವಿವರಿಸಿದಾಗ, "ಎಷ್ಟು ಸುಖದ ಭಾಷೆ!" ಎಂದು ನಿಟ್ಟುಸಿರುಬಿಟ್ಟರು. ಅವರ ಮನೆಯ ತೂಪ ನಮ್ಮ ತುಪ್ಪವೆಂದೂ, ಅಡಕಿತ್ತಾ ನಮ್ಮ ಅಡಕೊತ್ತೆಂದೂ ತಿಳಿಸಿದ ದಿನ ಅವರಿಗಾದ ಆನಂದವನ್ನು ಹೇಳತೀರದು.

ಉತ್ತರ ಪ್ರದೇಶದ ತರುಣನೊಬ್ಬನ ಪ್ರಸಂಗ ಬೇರೆ. ಬಿಡುವಿನಲ್ಲಿ ಏನು ಮಾಡುತ್ತೀಯೆಂದು ಕೇಳಿದರೆ, "ಮಲಗಿಕೊಂಡು ಉಪನ್ಯಾಸ ಓದುತ್ತೇನೆ" ಎಂದನು. ಹಿಂದಿಯಲ್ಲಿ ಉಪನ್ಯಾಸವೆಂದರೆ ಕಾದಂಬರಿ. ಪಾಠಗಳು ಮುಗಿದ ದಿನ ವಂದನಾರ್ಪಣೆಗೆ ನಿಂತವನು, "ಗುರುಗಳು ನನಗೆ ಈ ಅವಸರ ಕೊಟ್ಟರು. ಅವರಿಂದ ಒಳ್ಳೆಯ ಶಿಕ್ಷೆಯಾಯಿತು" ಎಂದು ಕೈಮುಗಿದನು. ಅವಕಾಶವು ಅವಸರವಾಗಿ, ಶಿಕ್ಷಣವು ಶಿಕ್ಷೆಯಾಗಿತ್ತು. ಸಭೆ ಬಿದ್ದು ಬಿದ್ದು ನಕ್ಕಿತು. ಕಾರಣ ತಿಳಿದ ಮೇಲೆ ಅವನೂ ನಕ್ಕನು.

ಇಲ್ಲಿಯವರೆಗೆ ಎಲ್ಲವೂ ವಿನೋದವೇ. ನನ್ನ ನಿಜವಾದ ಮಾತು ಇನ್ನು ಮುಂದಿದೆ.

ಎರಡು ವರ್ಷಗಳ ಹಿಂದೆ ಹಾವೇರಿಯ ಕಡೆ ನಮ್ಮ ಬಂಧುಗಳ ಮನೆಯ ಮದುವೆಗೆ ಹೋಗಿದ್ದೆವು. ಪುಣೆಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳನ್ನು ಸೋದರತ್ತೆ ಏನೋ ಕೇಳಿದರು. ಗದ್ದಲದಲ್ಲಿ ಕೇಳಿಸದೆ ಅವಳು ಇಲ್ಲಿಯ ರೂಢಿಯಂತೆ "ಕಾಯ್?" ಎಂದಳು. ಅತ್ತೆ ಒಂದು ತೆಂಗಿನಕಾಯಿಯನ್ನು ತಂದು ಅವಳ ಕೈಯಲ್ಲಿಟ್ಟರು. ಮದುವೆಮನೆಯೆಲ್ಲ ನಕ್ಕಿತು. ಮೂರು ದಿನವೂ ಅವಳ ಹೆಸರು 'ಕಾಯಿ' ಎಂದೇ ಆಯಿತು. ನಾನೂ ನಕ್ಕೆ, ಅದನ್ನು ಮರೆಮಾಚಲಾರೆ. ಅಂದಿನಿಂದ ಮಗಳು ಮನೆಯಲ್ಲಿ ಕನ್ನಡ ಆಡುವುದನ್ನು ನಿಲ್ಲಿಸಿದಳು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅಜ್ಜಿಯ ಫೋನು ಬಂದರೆ ಅಭ್ಯಾಸದ ನೆವ.

ಆಗ ನನಗೆ ನಮ್ಮ ವಿಚಿತ್ರ ನ್ಯಾಯವು ಹೊಳೆಯಿತು. ಪರಭಾಷಿಕರು ಹತ್ತು ತಪ್ಪು ಮಾಡಿ ಒಂದು ಕನ್ನಡ ವಾಕ್ಯ ನುಡಿದರೆ ನಾವು ಚಪ್ಪಾಳೆ ತಟ್ಟುತ್ತೇವೆ. ನಮ್ಮ ಮಕ್ಕಳು ಒಂದು ಶಬ್ದ ತಪ್ಪಿದರೆ ಅಪಹಾಸ್ಯ ಮಾಡುತ್ತೇವೆ. ಕಿಟ್ಟೆಲರು 1853ರಲ್ಲಿ ಭಾರತಕ್ಕೆ ಬಂದವರು. ಅವರ ಮಹಾನಿಘಂಟು ಹೊರಬಂದದ್ದು 1894ರಲ್ಲಿ. ಈ ನಲವತ್ತೊಂದು ವರ್ಷಗಳ ಆರಂಭದಲ್ಲಿ ಅವರು ಎಷ್ಟು ಸಲ ಎಡವಿರಬೇಡ! ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ 1918ರಲ್ಲಿ ಪದವಿ ಪಡೆದ ಬೇಂದ್ರೆಯವರ ಮನೆಮಾತು ಮರಾಠಿ. ಎರಡು ಭಾಷೆಗಳ ನಡುವೆ ಬೆಳೆಯುವುದು ಕನ್ನಡಕ್ಕೆ ನಷ್ಟವೆಂದು ಯಾರು ಹೇಳಬಲ್ಲರು? 1973ರ ಜ್ಞಾನಪೀಠವೇ ಅದಕ್ಕೆ ಉತ್ತರ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳು ತಪ್ಪಾಗಿ ಆಡಿದಾಗ, ಸರಿಯಾದ ವಾಕ್ಯವನ್ನು ನಾವು ಸಹಜವಾಗಿ ಒಮ್ಮೆ ಹೇಳಿ ಮಾತನ್ನು ಮುಂದುವರಿಸೋಣ. ಆಡಿದವರು ತಾವೇ ನಕ್ಕ ಮೇಲಷ್ಟೇ ನಾವು ನಗೋಣ. ನಮ್ಮ ಮರಾಠಿಯ ಫಜೀತಿಗಳನ್ನು ಅವರ ಮುಂದೆ ಧಾರಾಳವಾಗಿ ಹೇಳಿಕೊಳ್ಳೋಣ. ತಪ್ಪು ಕನ್ನಡ ತಿದ್ದಿದರೆ ಸರಿಯಾಗುತ್ತದೆ. ಆಡದ ಕನ್ನಡವನ್ನು ತಿದ್ದುವುದಾದರೂ ಹೇಗೆ?

ಕಳೆದ ಮಳೆಗಾಲದಲ್ಲಿ, ಮನೆಯಲ್ಲಿ ಯಾರೂ ಇಲ್ಲವೆಂದು ಮಗಳನ್ನು ತರಗತಿಗೆ ಕರೆದುಕೊಂಡು ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದು ಕುಳಿತಿದ್ದಳು. ನಮ್ಮ ನಿವೃತ್ತ ಶಿಕ್ಷಕಿ ಹಳೆಯ ಅಭ್ಯಾಸದಂತೆ "ಕುರ್ಚಿ ಬಿದ್ದಳು" ಎಂದರು. ನಾನು ತಿದ್ದುವ ಮೊದಲೇ ಹಿಂದಿನಿಂದ ಮೆಲ್ಲನೆಯ ದನಿ ಬಂತು: "ಬಿತ್ತು, ಆಜೀ. ಕುರ್ಚಿ ಬಿತ್ತು."

ಶಿಕ್ಷಕಿಯವರು ನಕ್ಕರು. ಮಗಳೂ ನಕ್ಕಳು. ಆ ದಿನ ನಾನು ಮಾತ್ರ ನಗಲಿಲ್ಲ. ಹಲಗೆಯತ್ತ ತಿರುಗಿ, ಸ್ವಲ್ಪ ಹೊತ್ತು ಒರೆಸಿದ್ದನ್ನೇ ಒರೆಸುತ್ತ ನಿಂತಿದ್ದೆ.